ಕಾರು ನಿಂತ ಮೇಲೂ ನಿಲ್ಲದ ಶಿಳ್ಳೆ

ಅದು ಕಳೆದ ವರ್ಷದ ಜನವರಿ. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಚಿತ್ರದುರ್ಗದಿಂದ ಬಂದ ನಾನು ಊರಿಗಾಂನಲ್ಲಿ ಗಣಿ ಕಂಪನಿಯ ಕಾಲದ ಮನೆಯೊಂದರಲ್ಲಿ ಬಾಡಿಗೆಗಿದ್ದೆ. ನನಗಿದ್ದದ್ದು ಒಂದೇ ಹುಚ್ಚು: ಎರಡು ಬಾಗಿಲಿನ ನನ್ನ ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರು. ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಫ್ಯಾನೊಂದು ಅದೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ಅದೇ ಟರ್ಬೊ. ಆಕ್ಸಿಲರೇಟರ್ ಒತ್ತಿದರೆ ಸಣ್ಣಗೆ ಶಿಳ್ಳೆ ಹಾಕುತ್ತದೆ, ಕಾಲು ತೆಗೆದರೆ ಶಿಳ್ಳೆ ಇಳಿಯುತ್ತದೆ.

ಈ ಹುಚ್ಚಿಗೆ ಜೊತೆಯಾದವನು ಬಂಗಾರಪೇಟೆಯ ಮುನಿರಾಜಣ್ಣ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಆಮೇಲೆ ತನ್ನ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ಇಬ್ಬರೂ ಸೇರಿ ಸೀಳಿದ್ದ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿದೆವು, ಗಾಳಿ ತಣಿಸಲು ದೊಡ್ಡ ಕೂಲರ್ ಕೂರಿಸಿದೆವು, ಟರ್ಬೊದ ಒತ್ತಡವನ್ನೂ ಸ್ವಲ್ಪ ಏರಿಸಿದೆವು. ಎಲ್ಲ ಸರಿಯಾಗಿದೆಯೇ ಎಂದು ನೋಡಲು ಒಂದು ಭಾನುವಾರ ಬೆಳಿಗ್ಗೆ ಮುಚ್ಚಿಹೋದ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಹಿಂದಿನ ಖಾಲಿ ರಸ್ತೆಗೆ ಹೊರಟೆವು. ಒಂದು ಕಡೆ ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬ, ಇನ್ನೊಂದು ಕಡೆ ಜಾಲಿ ಪೊದೆ. ಮಂಜು ಇನ್ನೂ ಕರಗಿರಲಿಲ್ಲ.

ತಿರುವು ದಾಟಿ ನೇರ ರಸ್ತೆ ಸಿಕ್ಕಿದ್ದೇ ಮೂರನೇ ಗೇರಿಗೆ ಹಾಕಿ ಒತ್ತಿದೆ. ಕಾರು ಬಾಣದಂತೆ ಹೋಯಿತು. ಆಗಲೇ ಶಿಳ್ಳೆ ಕೇಳಿಸಿತು. ಎಂದಿನದಕ್ಕಿಂತ ದಪ್ಪ ಸದ್ದು. ಯಾವುದೋ ಪೈಪಿನ ಕ್ಲಿಪ್ಪು ಬಿಚ್ಚಿರಬೇಕೆಂದು ಮುನಿರಾಜಣ್ಣ ಅಂದ. ನಾನು ಕಾಲು ತೆಗೆದೆ. ಸದ್ದು ಇಳಿಯಲಿಲ್ಲ. ಕಾರು ನಿಧಾನವಾದಷ್ಟೂ ಅದು ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು. ಗಾಬರಿಯಾಗಿ ಬ್ರೇಕ್ ಹಾಕಿ ಎಂಜಿನ್ ಆಫ್ ಮಾಡಿದೆ.

ಶಿಳ್ಳೆ ನಿಲ್ಲಲಿಲ್ಲ.

ಖಾಲಿ ಬಾಟಲಿಯ ಬಾಯಿಗೆ ಯಾರೋ ಮೆಲ್ಲಗೆ ಊದುತ್ತಿರುವಂಥ ಸದ್ದು. ಬಾನೆಟ್ ಎತ್ತಿ ಬಗ್ಗಿದ್ದ ಮುನಿರಾಜಣ್ಣ ನೆಟ್ಟಗಾಗಿ ನಿಂತ.

"ಇದು ನಮ್ ಗಾಡೀದಲ್ಲ ಕಣ್ಲಾ ರವಿ," ಅಂದ.

ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿದೆ. ರಸ್ತೆಯ ಮೇಲಿನ ಮಂಜು ನಿಂತಿರಲಿಲ್ಲ, ಹರಿಯುತ್ತಿತ್ತು. ಎರಡೂ ಕಡೆಯಿಂದ ನೆಲಕ್ಕೆ ಅಂಟಿಕೊಂಡು ತೆವಳುತ್ತಾ ಬಂದು ಒಂದೇ ಜಾಗದಲ್ಲಿ ಕೆಳಗಿಳಿದು ಹೋಗುತ್ತಿತ್ತು. ಅಲ್ಲಿ ಟಾರು ಬಿರಿದು, ಮೊರದಗಲದ ಕಪ್ಪು ತೂತು ಬಿದ್ದಿತ್ತು. ಅದರ ಅಂಚಿನ ಹುಲ್ಲೆಲ್ಲ ಒಳಮುಖವಾಗಿ ಬಾಗಿತ್ತು. ಒಂದು ಕಲ್ಲು ಎಸೆದೆ. ಬಿದ್ದ ಸದ್ದು ಬರುತ್ತದೆಂದು ಕಾದೆ. ಬರಲೇ ಇಲ್ಲ. ಅಷ್ಟರಲ್ಲಿ ನನ್ನ ಪಾದದ ಕೆಳಗಿನ ಟಾರು ಹಾಸಿಗೆಯ ಹಾಗೆ ಮೆತ್ತಗೆ ಕುಗ್ಗಿತು. ಹಿಂದೆ ಸರಿದು ಕಾರಿನ ಬಳಿಗೆ ಓಡಿದೆ.

ತೂತಿನ ಆಚೆಯ ಮಂಜಿನಿಂದ ಒಬ್ಬ ಮುದುಕಿ ಪೊದೆಗಳನ್ನು ಬಳಸಿಕೊಂಡು ನಮ್ಮ ಬಳಿ ಬಂದಳು. ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನವಳು, ಗಂಡ ಗಣಿಯಲ್ಲಿದ್ದನಂತೆ. ನಾನು ಕೀಲಿ ತಿರುಗಿಸಲು ಹೋದಾಗ ತಡೆದಳು.

"ಸ್ಟಾರ್ಟ್ ಮಾಡಬೇಡ ಸಾಮಿ, ನೆಲ ಅದುರ್ತದೆ. ನೆನ್ನೆ ಸಾಯಂಕಾಲ ನನ್ನ ಮೇಕೆ ಇಲ್ಲೇ ಓಯ್ತು. ಕತ್ತಲಾಗೋವರ್ಗೂ ಒಳಗಿಂದ ಕೂಗ್ತಾ ಇತ್ತು."

ಗೇರು ತಪ್ಪಿಸಿ, ಮೂವರೂ ಉಸಿರು ಬಿಗಿಹಿಡಿದು ಕಾರನ್ನು ಹಿಂದಕ್ಕೆ ತಳ್ಳಿದೆವು. ಗಟ್ಟಿ ನೆಲ ಸಿಕ್ಕಿತೆನಿಸಿದ ಮೇಲೆ ಪೊಲೀಸರಿಗೆ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ಶಿಳ್ಳೆ ನಿಂತುಹೋಗಿತ್ತು. ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ.

ಗಾಳಿ ಒಳಗೆ ಎಳೆದುಕೊಂಡರೆ ಹಾಗೆ ಸದ್ದು ಬರುವುದು ಸಹಜ ಎಂದು ಮುನಿರಾಜಣ್ಣ ಸಮಾಧಾನ ಹೇಳಿಕೊಳ್ಳುತ್ತಿದ್ದ. ರಾತ್ರಿಯೆಲ್ಲ ಈ ಸದ್ದು ಕೇಳಿ ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ನಾನು ಆ ಅಜ್ಜಿಯನ್ನು ಕೇಳಿದೆ. ಅವಳು ನನ್ನನ್ನೇ ನೋಡಿದಳು.

"ರಾತ್ರಿ ಎಲ್ಲಿತ್ತಪ್ಪ? ಬೆಳಕು ಅರಿದಾಗಿಂದ ನಾನು ಇಲ್ಲೇ ನಿಂತಿದೀನಿ, ಮೇಕೆ ಸದ್ದು ಕೇಳ್ತದೇನೋ ಅಂತ. ಒಂದು ಸದ್ದೂ ಇರ್ಲಿಲ್ಲ. ನಿಮ್ ಕಾರು ಆ ತಿರುವಲ್ಲಿ ಬಂತು ನೋಡು, ಆಗ ಶುರುವಾಯ್ತು."

ಪೊಲೀಸರು ಬಂದು ರಸ್ತೆಗೆ ಅಡ್ಡ ಕಟ್ಟಿದರು. ಅದೇ ವಾರ ಅಲ್ಲಿ ಲಾರಿ ನುಂಗುವಷ್ಟು ನೆಲ ಕುಸಿಯಿತು. ನಾವು ಕಾರು ನಿಲ್ಲಿಸಿದ್ದ ಜಾಗವೂ ಉಳಿಯಲಿಲ್ಲ.

ಕಾರಿನ ಅದುರಿಕೆಗೆ ತೂತಿನೊಳಗೆಲ್ಲೋ ಹೊಸ ಬಿರುಕು ಬಿಟ್ಟು ಗಾಳಿ ನುಗ್ಗಿತೆಂದು ಮುನಿರಾಜಣ್ಣ ಹೇಳುತ್ತಾನೆ. ಇರಬಹುದು. ಆದರೆ ಅಷ್ಟು ದೂರದ ತಿರುವಿನಲ್ಲಿದ್ದ ಕಾರಿಗೆ ಆ ನೆಲ ಅದುರಿತೇ ಎಂದು ನಾನು ಕೇಳಿದರೆ ಯಾವುದೋ ಗಾಡಿಯ ಬಾನೆಟ್ಟಿನೊಳಗೆ ತಲೆ ಹಾಕುತ್ತಾನೆ. ಇಬ್ಬರೂ ಬದುಕಿದ್ದೇವೆ, ಅಷ್ಟಂತೂ ಆ ಶಿಳ್ಳೆಯಿಂದಲೇ. ಗಾಳಿಯೇ ಇರಲಿ, ಬೇರೇನೇ ಇರಲಿ, ಅದಕ್ಕೆ ನನ್ನದೊಂದು ಥ್ಯಾಂಕ್ಸ್ ಸಲ್ಲಬೇಕು. ಆದರೆ ಅಲ್ಲಿಗೆ ಹೋಗಿ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.