ಬಸಜ್ಜನಿಗೆ ಕೊಡದ ಚಹಾ

ಬಸಜ್ಜನ ಕೈಯಲ್ಲಿದ್ದ ಚಹಾ ಲೋಟವನ್ನು ಕಿತ್ತುಕೊಂಡೆ. ಶಿಕಾರಿಪುರದ ಬಸ್‌ ನಿಲ್ದಾಣದ ಹತ್ತಿರ ನನ್ನದೊಂದು ಚಹಾ ಅಂಗಡಿ. ಬಸಜ್ಜ, ಅವರ ಗೆಳೆಯ ಈರಪ್ಪಜ್ಜ ಇಬ್ಬರೂ ದಿನಾ ಬೆಳಿಗ್ಗೆ ಬಂದು ಬೈಟು ಕುಡಿಯುತ್ತಾರೆ. ಅವತ್ತು ಬಸಜ್ಜ ಎದೆ ಉಜ್ಜಿಕೊಳ್ಳುತ್ತಾ ಬಂದು ಕೂತಿದ್ದರು.

"ಗ್ಯಾಸ್ ಆಗೇತಲೇ. ಕಡಕ್ ಚಾ ಬಿದ್ರೆ ಇಳಿತೈತಿ, ಕೊಡೋ ಇಲ್ಲಿ!" ಎಂದು ರೇಗಿದರು.

"ಅವಂಗೆ ಕೊಡಲ್ಲಂದ್ರೆ ಅದನ್ನೂ ನಂಗೇ ಕೊಡು" ಎಂದು ಈರಪ್ಪಜ್ಜ ನಕ್ಕರು.

ನನಗೆ ನಗು ಬರಲಿಲ್ಲ. ಚಳಿಗೆ ಎಲ್ಲರೂ ಒಲೆ ಹತ್ತಿರ ನಿಂತಿದ್ದರೆ ಬಸಜ್ಜನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ನಮ್ಮಪ್ಪನೂ ಹೀಗೇ ಬೆವರಿ, ಗ್ಯಾಸು ಅಂತ ಚಹಾ ಕುಡಿದು ಮಲಗಿದವರು ಮತ್ತೆ ಏಳಲಿಲ್ಲ. ಒಲೆ ಆರಿಸಿದೆ. ಬೈಯುತ್ತಿದ್ದ ಅಜ್ಜನನ್ನು ಎತ್ತಿ ಆಟೋದಲ್ಲಿ ಕೂರಿಸಿದೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಹಾರ್ಟ್ ಅಟ್ಯಾಕ್. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಅಜ್ಜ ಈಗ ಮತ್ತೆ ಬರುತ್ತಾರೆ. ಡಾಕ್ಟರು ಚಹಾ ಬಿಡಿ ಅಂದಿಲ್ಲ, ಸಕ್ಕರೆ ಬಿಡಿ ಅಂದಿದ್ದಾರೆ. "ಅವತ್ತು ಕಿತ್ಕಂಡಿದ್ದು ಕೊಡೋ" ಎಂದು ದಿನಾ ಕಾಡುತ್ತಾರೆ. ಯಾರಾದರೂ ಗ್ಯಾಸು ಅಂತ ಎದೆ ಉಜ್ಜಿಕೊಂಡರೆ, ಚಹಾ ಸೋಸುವ ಮೊದಲು ನಾನು ಅವರ ಹಣೆ ನೋಡುತ್ತೇನೆ.