ಥರ್ಮಾಮೀಟರಿನ ಮಣಿಕಟ್ಟು

ಕಾರ್ಖಾನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಥರ್ಮಾಮೀಟರ್ ಎಂದರೆ ಸಾಕು, ಗೇಟಿನ ಕಾವಲುಗಾರನೂ ಪರೀಕ್ಷೆಯ ಕೋಣೆಯ ಕಡೆ ಕೈ ತೋರಿಸುತ್ತಿದ್ದ. ಅಲ್ಲಿ ತಯಾರಾಗುತ್ತಿದ್ದುದು ಅಂಗೈ ಅಗಲದ ತಾಮ್ರದ ತಟ್ಟೆಗಳು, ಯಂತ್ರಗಳ ಬಿಸಿ ಹೀರುವುದಕ್ಕೆ. ತಟ್ಟೆಯ ಹೊಟ್ಟೆಯೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಒಂದರ ಪಕ್ಕ ಒಂದರಂತೆ ಇನ್ನೂರು. ಈ ಕಡೆಯಿಂದ ತಣ್ಣೀರು ಹೋಗಬೇಕು, ಆ ಕಡೆಯಿಂದ ಬಿಸಿಯನ್ನು ಹೊತ್ತುಕೊಂಡು ಹೊರಗೆ ಬರಬೇಕು. ಅದರಲ್ಲಿ ಹತ್ತಿಪ್ಪತ್ತಕ್ಕೆ ಕಸ ಕಟ್ಟಿಕೊಂಡಿತೋ, ಅಷ್ಟು ಜಾಗ ಕಾದು ಹೋಗುತ್ತದೆ. ನೀರಿನ ಹರಿವು ಅಳೆಯುವ ಮೀಟರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಕಟ್ಟಿದ ಕಾಲುವೆ ಬಿಟ್ಟು ನೀರು ಪಕ್ಕದವುಗಳಲ್ಲಿ ನುಗ್ಗಿ ಹೋಗುವುದರಿಂದ ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ.

ಅವನಿಗೆ ತಿಳಿಯುತ್ತಿತ್ತು. ಅಂಗೈ ದಪ್ಪ ಚರ್ಮ, ಅದನ್ನು ನಂಬಬಾರದು ಎನ್ನುತ್ತಿದ್ದ. ತೋಳು ಮಡಚಿ, ಮಣಿಕಟ್ಟಿನ ಒಳಮೈಯನ್ನು ತಟ್ಟೆಯ ಬೆನ್ನ ಮೇಲೆ ಮೆಲ್ಲಗೆ ಎಳೆದು, ಒಂದು ಕಡೆ ನಿಲ್ಲಿಸಿ, "ಇಲ್ಲಿ" ಎನ್ನುತ್ತಿದ್ದ. ಹೊಸದಾಗಿ ಬಂದ ಎಂಜಿನಿಯರ್ ಹುಡುಗಿ ನಕ್ಕು, ಬಿಸಿ ತೋರಿಸುವ ಕ್ಯಾಮೆರಾ ತಂದು ಹಿಡಿದಳು. ಪರದೆಯ ಮೇಲೆ ಕೆಂಪು ಕಲೆ ಅವನು ಮಣಿಕಟ್ಟು ನಿಲ್ಲಿಸಿದಲ್ಲೇ ಇತ್ತು. ಆಮೇಲೆ ಅವಳೇ ಹೊಸಬರನ್ನೆಲ್ಲ ಅವನ ಹತ್ತಿರ ಕಳಿಸತೊಡಗಿದಳು. ಬಂದವರಿಗೆಲ್ಲ ಅವನದು ಒಂದೇ ಪಾಠ: "ಬಿಸಿ ಅನ್ನೋದು ತಪ್ಪಲ್ಲಪ್ಪ. ಅದನ್ನ ಹೊತ್ಕೊಂಡು ಹೋಗೋರು ಇಲ್ದಿದ್ರೆ, ಆಗ ಸುಡುತ್ತೆ."

ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಮನೆಯಲ್ಲಿ ಅದನ್ನೇ ಮರೆತ. ಇಂಥವನಿಗೆ ಏನನ್ನಬೇಕೋ ನನಗಂತೂ ತಿಳಿಯದು.

ಹೆಂಡತಿಗೆ ಹದಿನೈದು ವರ್ಷದಿಂದ ಶುಗರ್. ಪಾದಗಳು ಸದಾ ತಣ್ಣಗೆ, ಚಿವುಟಿದರೂ ಗೊತ್ತಾಗದಷ್ಟು ಜೋಮು. ಕಾಲಿನ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತಿವೆ ಎಂದು ಡಾಕ್ಟರು ಹೇಳಿದ್ದರು, ಅವನೂ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದ. ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಅವಳು ಮಲಗಿದ್ದಳು. ಕಾಲು ಮುಟ್ಟಿ ನೋಡಿದ, ಕಲ್ಲಿನ ಹಾಗಿತ್ತು. ರಬ್ಬರಿನ ಕೆಂಪು ಬ್ಯಾಗಿಗೆ ಬಿಸಿನೀರು ತುಂಬಿ, ಮೊದಲು ತನ್ನ ಮಣಿಕಟ್ಟಿಗೆ ಒತ್ತಿ ನೋಡಿದ. ಹಿತವಾಗಿತ್ತು. ಅವಳ ಪಾದದ ಕೆಳಗಿಟ್ಟು, ಮೇಲೆ ಕಂಬಳಿ ಹೊದಿಸಿ, ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತ.

ಅವನ ಮಣಿಕಟ್ಟಿನಲ್ಲಿ ರಕ್ತ ಹರಿಯುತ್ತಿತ್ತು. ಬಿಸಿ ತಾಗಿದ ಕೂಡಲೇ ಹೊತ್ತುಕೊಂಡು ಹೋಗುತ್ತಿತ್ತು. ಅವಳ ಪಾದದಲ್ಲಿ ಹೊರುವವರು ಯಾರಿದ್ದರು? ಉರಿ ತಿಳಿಯುವ ನರವೂ ಸತ್ತಿತ್ತು, ಅವಳಿಗೆ ಎಚ್ಚರವೇ ಆಗಲಿಲ್ಲ. ಎರಡು ಗಂಟೆ ಕಳೆದು ಕಂಬಳಿ ಸರಿಸಿದಾಗ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಬೊಬ್ಬೆ ಎದ್ದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಸಿಟ್ಟಿನಿಂದ ಕೇಳಿದರು, ಬಿಸಿನೀರಿನ ಬ್ಯಾಗು ಇಟ್ಟವರು ಯಾರೆಂದು. ಮಗಳೂ ಓಡಿ ಬಂದಿದ್ದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, "ನಾನೇ ಇಟ್ಕೊಂಡೆ" ಎಂದುಬಿಟ್ಟಳು. ಅವನು ತೆರೆದ ಬಾಯನ್ನು ಮುಚ್ಚಿ, ಗೋಡೆಯ ಮೇಲಿನ ಚಿತ್ರಪಟ ನೋಡುತ್ತ ನಿಂತ.

ಗಾಯ ಮಾಯಲಿಲ್ಲ. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ. ಎರಡು ವರ್ಷ. ಮಗಳು ಪ್ರತಿ ಭಾನುವಾರ ಬಂದು, ಹಳೆಯ ಬಟ್ಟೆ ಬಿಚ್ಚಿ, ಗಾಯ ತೊಳೆದು, ಮತ್ತೆ ಕಟ್ಟುತ್ತಿದ್ದಳು. ಕೈ ಹೂವಿನಷ್ಟು ಹಗುರ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸಂಕಟವನ್ನು ಅವಳು ಬೈದೇ ತೀರಿಸಿಕೊಳ್ಳಬೇಕು. "ಇಷ್ಟು ವಯಸ್ಸಾಯ್ತು, ಬುದ್ಧಿ ಬೇಡ್ವಾ ನಿಂಗೆ? ಅಪ್ಪನ್ನ ಒಂದ್ಮಾತು ಕೇಳಿದ್ರೆ ಹೇಳ್ತಿರಲಿಲ್ವಾ? ಅವರ ಕೆಲಸವೇ ಅದು."

"ತಪ್ಪಾಯ್ತು ಕಣಮ್ಮ" ಎಂದು ತಾಯಿ ನಗುತ್ತಿದ್ದಳು. ಅವನು ಪೇಪರಿನ ಅದೇ ಪುಟವನ್ನು ಮತ್ತೆ ಓದುತ್ತಿದ್ದ.

ಒಂದು ಸಲ, ಮಗಳು ಹೊರಟು ಹೋದ ಮೇಲೆ, ಹೇಳಿಬಿಡಲಾ ಎಂದು ಹೆಂಡತಿಯನ್ನು ಕೇಳಿದ. ಅವಳು ಬೇಡವೆಂದಳು. "ಅವಳು ನಿಮ್ಮನ್ನ ಬೈಯೋದು ನನ್ನ ಕೈಲಿ ನೋಡಕ್ಕಾಗಲ್ಲ ರೀ. ನಂಗಾದ್ರೆ ಅಭ್ಯಾಸ ಆಗಿದೆ." ಕಳ್ಳನಿಗೊಂದು ಪಿಳ್ಳೆ ನೆವ. ಅವಳೇ ಬೇಡವೆಂದಳಲ್ಲ ಎಂದು ಅವನು ಸುಮ್ಮನಾದ. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆಯೂ ಬಂತಂತೆ. ಇದನ್ನು ಆಮೇಲೆ ಅವನೇ ಹೇಳಿಕೊಂಡು ಅತ್ತ.

ಕಾರ್ಖಾನೆಯಲ್ಲಿ ಮಾತ್ರ ಅವನು ತಟ್ಟೆಗೆ ಮಣಿಕಟ್ಟು ತಾಗಿಸುವುದನ್ನು ಬಿಟ್ಟಿದ್ದ. ಕ್ಯಾಮೆರಾ ಇದೆಯಲ್ಲ, ಅದರಲ್ಲೇ ನೋಡಿ ಎನ್ನುತ್ತಿದ್ದ. ವಯಸ್ಸಾಯಿತು ಪಾಪ, ಥರ್ಮಾಮೀಟರ್ ಒಡೆಯಿತು ಎಂದು ಜೊತೆಯವರು ತಮಾಷೆ ಮಾಡಿದರು.

ಗಾಯದ ವಿಷ ಮೈಗೇರಿ ಹೆಂಡತಿ ಹೋದಳು. ಹೋಗುವ ಮುಂಚಿನ ಭಾನುವಾರವೂ ಮಗಳು ಗಾಯ ಕಟ್ಟಿದ್ದಳು, ಬೈದಿದ್ದಳು.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮಗಳು ಅಮ್ಮನ ಬೀರು ಖಾಲಿ ಮಾಡುತ್ತಿದ್ದಳು, ಅವನು ಬಾಗಿಲಲ್ಲಿ ನಿಂತಿದ್ದ. ಸೀರೆಗಳ ಹಿಂದೆ ಆ ಕೆಂಪು ಬ್ಯಾಗು ಸಿಕ್ಕಿತು. ಎಸೆಯದೆ ಯಾಕೆ ಇಟ್ಟುಕೊಂಡಿದ್ದಳೋ. ಮಗಳು ಅದನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕುಸಿದಳು. ಈ ಹಾಳು ಬ್ಯಾಗು, ಅವತ್ತು ನಿಮ್ಮನ್ನೊಂದು ಮಾತು ಕೇಳಿದ್ದಿದ್ದರೆ ಅಮ್ಮ ಇವತ್ತು ಇರುತ್ತಿದ್ದಳು ಎಂದು ಬಿಕ್ಕಿದಳು.

ಬೇಡವೆನ್ನುವುದಕ್ಕೆ ಈಗ ಹೆಂಡತಿ ಇರಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅದನ್ನ ಇಟ್ಟಿದ್ದು ನಾನು. ಮಣಿಕಟ್ಟಿಗೆ ಹಿಡಿದು ನೋಡಿಯೇ ಇಟ್ಟೆ."

ಮಗಳು ತಲೆ ಎತ್ತಲಿಲ್ಲ. ಬ್ಯಾಗಿನ ಮುಚ್ಚಳವನ್ನು ತಿರುಗಿಸಿ ಬಿಚ್ಚಿದಳು, ಮತ್ತೆ ಹಾಕಿದಳು. ಅವಳು ಕಿರುಚಲಿ, ಬೈಯಲಿ, ಬೇಕಾದರೆ ಹೊಡೆಯಲಿ ಎಂದು ಅವನು ಕಾದ. ಎರಡು ವರ್ಷದ ಬೈಗುಳ ಅವನ ಪಾಲಿನದು ಬಾಕಿ ಇತ್ತಲ್ಲ.

"ಕಡೇ ಭಾನುವಾರಾನೂ ಬೈದೆ ನಾನು" ಎಂದಳು ಮೆಲ್ಲಗೆ. "ನೀವು ಅಲ್ಲೇ ಪೇಪರ್ ಓದ್ತಾ ಕೂತಿದ್ರಿ."

ಎದ್ದು, ಬ್ಯಾಗನ್ನು ಎದೆಗೆ ಅವುಚಿಕೊಂಡು, ಅವನ ಪಕ್ಕದಲ್ಲೇ ದಾಟಿ ಅಮ್ಮ ಮಲಗುತ್ತಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ನಿಂತಲ್ಲೇ ನಿಂತಿದ್ದ. ಒಳಗಿನಿಂದ ಮಗಳ ದನಿ ಕೇಳಿಸಿತು, ಖಾಲಿ ಮಂಚಕ್ಕೆ ಹೇಳುತ್ತಿದ್ದಳು, ತಪ್ಪಾಯ್ತಮ್ಮ, ತಪ್ಪಾಯ್ತು ಎಂದು.