ಸೌಭಾಗ್ಯಳ ಸಿನಿಮಾದಲ್ಲಿ ನಾನು ಹೇಳಿದ್ದು

ನನ್ನ ಮಗಳು ಸೌಭಾಗ್ಯ ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಹೋದ ವರ್ಷ ಕ್ಯಾಮೆರಾ ಹಿಡಿದು ದೇವದುರ್ಗ ತಾಲೂಕಿನ ಗೂಗಲ್ ಊರಿಗೆ, ನನ್ನ ಮನೆಗೆ ಬಂದಳು. ತಾನು ಅಪ್ಪನ ಜೊತೆ ಯಾಕೆ ಮಾತು ಬಿಟ್ಟೆ ಎಂಬುದನ್ನು ಸಿನಿಮಾ ಮಾಡುತ್ತೇನೆ ಎಂದಳು. ಅವರಪ್ಪ ಹುಲಗಪ್ಪನವರು ತೀರಿಕೊಂಡು ಆಗ ಆರು ವರ್ಷ.

ಏಳನೇ ತರಗತಿಗೆ ಅವಳ ಶಾಲೆ ಬಿಡಿಸಿ, ಹೈಬ್ರಿಡ್ ಹತ್ತಿಬೀಜ ಬೆಳೆಯುವ ಹೊಲಕ್ಕೆ ಕೂಲಿಗೆ ಕಳಿಸಿದ್ದೆವು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆ ಹೆಬ್ಬೆರಳ ಉಗುರಿನಿಂದ ಸೀಳಿ, ಒಳಗಿನ ಪುಡಿಯನ್ನೆಲ್ಲ ಸುಲಿದು ತೆಗೆಯಬೇಕು. ನಡುವಿನ ಕಡ್ಡಿ ಮುರಿಯಬಾರದು. ಮರುದಿನ ಬೆಳಿಗ್ಗೆ ಆ ಕಡ್ಡಿಗೆ ಗಂಡು ಹೂ ಸವರಬೇಕು. ಕಡ್ಡಿ ಮುರಿದರೆ ಕಾಯಿ ಕಟ್ಟುವುದಿಲ್ಲ. ಸೌಭಾಗ್ಯಳ ಕೈಯಲ್ಲಿ ಒಂದೂ ಮುರಿಯುತ್ತಿರಲಿಲ್ಲ.

ಎರಡು ವರ್ಷ ದುಡಿದು, ಮಾನ್ವಿಯಲ್ಲಿದ್ದ ನನ್ನ ತಂಗಿಯ ಮನೆಗೆ ಓಡಿಹೋದಳು. ಅಲ್ಲಿದ್ದೇ ಓದಿದಳು. ಶಾಲೆ ಬಿಡಿಸಿದ್ದು ಅಪ್ಪ ಎಂದು, ಅವರು ಸಾಯುವವರೆಗೂ ಅವರನ್ನು ಮಾತಾಡಿಸಲಿಲ್ಲ. ಹಾಗೆಂದು ಅವಳಿಗೆ ಹೇಳಿದ್ದು ನಾನು. ಅದು ಸುಳ್ಳು. ಅವರು ಕೇಳಿಸಿಕೊಂಡೂ ಸುಮ್ಮನಿದ್ದರು.

ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಕೇಳಿದಳು:

"ಅಪ್ಪ ಯಾಕ ಹಂಗ ಮಾಡಿದ, ಹೇಳಬೇ."

"ಮದ್ಲ ಆ ಮಷಿನ್ ನನ್ನ ಮಾರಿ ಮುಂದಿಂದ ಸರಸು."

"ಸರಸಿದ್ರ ಸಿನಿಮಾದಾಗ ಗ್ವಾಡಿ ಅಷ್ಟ ಬರ್ತದ."

ಹೇಳಿದರೆ ಇವಳು ನನ್ನನ್ನೂ ಬಿಡುತ್ತಾಳೆ. ಹೇಳದಿದ್ದರೆ ನನ್ನ ತಪ್ಪು ಸತ್ತವರ ತಲೆಯ ಮೇಲೆ ಉಳಿಯುತ್ತದೆ, ಊರೆಲ್ಲ ನೋಡುತ್ತದೆ.

"ಅಪ್ಪ ಅಲ್ಲ. ಶಾಲಿ ಬಿಡಿಸಿದಾಕಿ ನಾನು. ಬ್ಯಾಡ ಅಂತ ನಿಮ್ಮಪ್ಪ ಎರಡು ದಿನ ಉಣ್ಣಲಿಲ್ಲ."

"ಯಾಕ?"

"ಬಡತನಕ್ಕ ಅಂತ ಸುಳ್ಳು ಹೇಳಲ್ಲ. ಮನಿಯಾಗ ಜ್ವಾಳ ಇದ್ದವು. ಊರಾಗ ನನ್ನಷ್ಟು ಮೊಗ್ಗು ಸುಲಿಯೋರು ಇದ್ದಿಲ್ಲ. ಶಾಲಿ ಸೂಟಿ ಇದ್ದಾಗ ಹೊಲಕ್ಕ ಬಂದು ನೀ ನನ್ನ ಮೀರಿಸಿದಿ. ನನ್ನ ಮಗಳ ಕೈ ಮಂದಿ ನೋಡ್ಲಿ ಅನ್ನಿಸ್ತು."

ಅವಳು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡಳು. ಚಹಾ ಸಹ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೋದಳು. ನಾಲ್ಕು ತಿಂಗಳು ಹನ್ನೊಂದು ದಿನ ಫೋನಿಲ್ಲ. ಆಮೇಲೆ ಫೋನ್ ಬಂತು: "ಶನಿವಾರ ಸಿನಿಮಾ ತೋರಸ್ತೀವಿ. ರಾಯಚೂರಿಗೆ ಬಾ. ಬಸ್‌ಸ್ಟ್ಯಾಂಡಿಗೆ ಬರ್ತೀನಿ."

ಸಭಾಂಗಣದಲ್ಲಿ ಸುಮಾರು ಇನ್ನೂರು ಜನ. ನನ್ನ ಮಾತು ಒಂದೂ ಬಿಡದೆ ಪರದೆಯ ಮೇಲೆ ಬಂತು. ಮುಗಿದ ಮೇಲೆ ವಯಸ್ಸಾದ ಒಬ್ಬರು ಎದ್ದುನಿಂತು, "ಹೆತ್ತ ತಾಯೀನ ಹಿಂಗ ಮಂದಿ ಮುಂದ ನಿಂದ್ರಸೋದು ಸರಿ ಏನ್ರೀ ಮೇಡಂ? ಅದಿಷ್ಟು ತಗದು ಹಾಕ್ರಿ" ಎಂದರು.

"ತಗಿಯಲ್ರೀ," ಎಂದಳು ಸೌಭಾಗ್ಯ. "ಅದನ್ನ ಹೇಳಾಕ ನಮ್ಮವ್ವಗ ಇಪ್ಪತ್ನಾಕು ವರ್ಷ ಹಿಡಿತು. ನಾನರ ಏನು ಮಾಡಿದೆ? ಒಂದು ದಿನಾನೂ ಅಪ್ಪನ್ನ ಕೇಳಲಿಲ್ಲ. ಆ ತಪ್ಪು ನಂದು. ಅದೂ ಸಿನಿಮಾದಾಗ ಅದ, ನೋಡೀರಲ್ಲ."

ನನ್ನನ್ನೂ ಬಿಡಲಿಲ್ಲ, ತನ್ನನ್ನೂ ಬಿಡಲಿಲ್ಲ. ನನಗೆ ನಾಚಿಕೆ ಇತ್ತು, ಆದರೆ ತಲೆ ತಗ್ಗಿಸಬೇಕು ಅನ್ನಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ನನ್ನ ಮುಖ ನೋಡಿ, ಎದುರಿಗೆ ನಿಂತಿದ್ದ ಸೌಭಾಗ್ಯಳನ್ನು ನೋಡಿ, "ಆಕಿ ನಿಮ್ಮ ಮಗಳೇನ್ರೀ?" ಎಂದು ಮೆಲ್ಲಗೆ ಕೇಳಿದಳು.

"ಹೌದ್ರೀ, ನನ್ನ ಮಗಳು," ಎಂದೆ, ಮುಂದಿನ ಸಾಲಿನವರಿಗೂ ಕೇಳುವಂತೆ.